ಅಳತೆ ಕೊಡಲು ಮಸ್ಕತ್ತಿಗೆ

ಮಸ್ಕತ್ತಿಗೆ ಹೋಗಿ ಬಂದವರೆಲ್ಲ ಅಲ್ಲಿನ ದೊಡ್ಡ ಮಸೀದಿಯ ದೀಪಗುಚ್ಛ, ಗುಡ್ಡ ಕಡಿದು ಮಾಡಿದ ರಸ್ತೆ, ಕಸವಿಲ್ಲದ ಕಡಲತೀರ ಇವುಗಳ ಬಗ್ಗೆ ಹೇಳುತ್ತಾರೆ. ಇವುಗಳಲ್ಲಿ ಎರಡನ್ನು ನಾನು ಕಾರಿನ ಕಿಟಕಿಯಿಂದ ನೋಡಿದೆ, ಒಂದನ್ನು ನೋಡಲೇ ಇಲ್ಲ. ನಾನು ಅಲ್ಲಿಗೆ ಹೋದದ್ದು ಒಂದು ಬ್ರಾ ಕೊಳ್ಳಲು. ಇದನ್ನು ಓದಿ ಮುಜುಗರಪಡುವವರು ಇಲ್ಲಿಗೇ ಪುಟ ಮಗುಚಬಹುದು. ನನ್ನ ಮುಜುಗರಕ್ಕೆ ಅಂಥ ಸೌಕರ್ಯ ಇರಲಿಲ್ಲ.

ನನಗೆ ನಲವತ್ತಾರು. ಹುಟ್ಟಿದ್ದು ಹೊನ್ನಾವರದ ಹೊಳೆಬಾಯಿ ಪಕ್ಕದ ಕಾಸರಕೋಡಿನಲ್ಲಿ, ದೋಣಿಯವರ ಮನೆಯಲ್ಲಿ. ಇರುವುದು ಕುಮಟೆಯಲ್ಲಿ, ಹೈಸ್ಕೂಲಿನ ಮಕ್ಕಳಿಗೆ ಗಣಿತ ಕಲಿಸಿಕೊಂಡು. ಎರಡು ವರ್ಷದ ಹಿಂದೆ ಬಲಗಡೆಯ ಎದೆಯಲ್ಲಿ ಗಂಟು ಸಿಕ್ಕಿತು. ಇಡೀ ಸ್ತನವನ್ನೇ ತೆಗೆದರು. ಅದೇ ದಿನ, ಅದೇ ಮೇಜಿನ ಮೇಲೆ, ಹೊಟ್ಟೆಯ ಕೆಳಭಾಗದಿಂದ ಮಾಂಸ ತಂದು ಹೊಸದೊಂದನ್ನು ಕಟ್ಟಿದರು. ಆಸ್ಪತ್ರೆಯ ಕಾಗದದಲ್ಲಿ ಅದನ್ನು ಮರುನಿರ್ಮಾಣ ಎಂದು ಬರೆದಿದ್ದರು, ಬಿದ್ದ ಸೇತುವೆಗೆ ಬರೆಯುವ ಹಾಗೆ. ಹೊಸದು ಎಡಗಡೆಯದಕ್ಕಿಂತ ಎರಡು ಬೆರಳು ಮೇಲಿದೆ, ತುಸು ಚಿಕ್ಕದು, ಮೊಲೆತೊಟ್ಟು ಇಲ್ಲ. ಮುಟ್ಟಿದರೆ ಏನೂ ತಿಳಿಯುವುದಿಲ್ಲ. ಕಟ್ಟಿದ ಡಾಕ್ಟರಿಗೆ ತಮ್ಮ ಕೆಲಸದ ಬಗ್ಗೆ ಬಹಳ ಹೆಮ್ಮೆ. "ಬಟ್ಟೆ ಹಾಕಿದ ಮೇಲೆ ಯಾರಿಗೂ ಗೊತ್ತಾಗೋದಿಲ್ಲ," ಎಂದರು. ಯಾವ ಬಟ್ಟೆ ಎಂದು ಹೇಳಲಿಲ್ಲ.

ಕುಮಟಾ

ನಮ್ಮ ಪೇಟೆಯಲ್ಲಿ ಹೆಂಗಸರ ಒಳಉಡುಪು ಮಾರುವವರು ಗಂಡಸರು. ನಾನು ಹೋದ ಅಂಗಡಿಯ ಯಜಮಾನರಿಗೆ ಅಳತೆ ಟೇಪು ಬೇಕಾಗುವುದಿಲ್ಲ. ಸೆರಗಿನ ಮೇಲಿಂದ ಒಮ್ಮೆ ನೋಡಿ, ಅಕ್ಕಿಯ ತೂಕ ಕೂಗುವ ದನಿಯಲ್ಲಿ "ಮೂವತ್ತಾರು" ಎಂದು ಅಂಗಡಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟರು. ಪಕ್ಕದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯ ತಾಯಿ ಟವೆಲ್ಲು ಆರಿಸುತ್ತಿದ್ದರು.

ಒಂದು ಕಡೆ ಆಪರೇಷನ್ ಆಗಿದೆ, ಎರಡೂ ಬದಿ ಒಂದೇ ಅಳತೆ ಇಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದೆ.

"ಎರಡೂ ಬದಿ ಒಂದೇ ಸೈಜ್ ಬರೂದು ಅಕ್ಕ," ಎಂದರು ಅವರು. "ಕಂಪನಿಯವ್ರು ಬೇರೆ ಬೇರೆ ಮಾಡೂದಿಲ್ಲ."

"ಕಂಪನಿಯವ್ರು ಮಾಡೂದಿಲ್ಲ. ಡಾಕ್ಟ್ರು ಮಾಡಿದ್ರು."

ಅವರು ಸ್ವಲ್ಪ ಯೋಚಿಸಿದರು. "ಹಂಗಾರೆ ದೊಡ್ಡ ಬದಿ ನೋಡ್ಕಂಡು ತಕಣಿ. ಸಣ್ಣ ಬದಿ ಗಾಳಿ ಆಡ್ತದೆ, ಅಷ್ಟೇ."

ತೆಗೆದುಕೊಂಡೆ. ಗಾಳಿ ಆಡಿತು. ಕರಿಹಲಗೆಯ ಮೇಲೆ ಬರೆಯಲು ಬಲಗೈ ಎತ್ತಿದರೆ ಖಾಲಿ ಬಟ್ಟೆ ಮಡಚಿಕೊಂಡು ಕುಪ್ಪಸದೊಳಗೆ ಸೀಮೆಸುಣ್ಣದ ಪೆಟ್ಟಿಗೆಯಂತೆ ಮೂಲೆ ತೋರಿಸುತ್ತಿತ್ತು. ಎಡಗೈಯಲ್ಲಿ ಸೆರಗು ಹಿಡಿದುಕೊಂಡೇ ಪ್ರಮೇಯ ಸಾಧಿಸಲು ಕಲಿತೆ. ಸಹೋದ್ಯೋಗಿಗಳು ನನಗೆ ಚಳಿಯಾಗುತ್ತದೆ ಅಂದುಕೊಂಡರು. ಕುಮಟೆಯಲ್ಲಿ, ಎಪ್ರಿಲ್ ತಿಂಗಳಲ್ಲಿ.

ಮನೆಯಲ್ಲಿ ಗಜಾನನ, ನನ್ನ ಗಂಡ. ವಿಮಾ ಕಚೇರಿಯ ಕೆಲಸ. ಒಳ್ಳೆಯ ಮನುಷ್ಯ ಎಂದು ಊರೆಲ್ಲ ಹೇಳುತ್ತದೆ. ಆಪರೇಷನ್ ಆದ ಮೇಲೆ ಅವರು ಮಲಗುವ ಕೋಣೆಗೆ ಬರುವ ಮುಂಚೆ ಬಾಗಿಲು ತಟ್ಟಲು ಶುರು ಮಾಡಿದರು. ಇಪ್ಪತ್ತೊಂದು ವರ್ಷ ತಟ್ಟದ ಬಾಗಿಲು. ನಾನು ಸೀರೆ ಬದಲಿಸುತ್ತಿದ್ದರೆ ಗೋಡೆಯ ಕಡೆ ತಿರುಗಿ ನಿಂತು ಅಂದಿನ ಹವಾಮಾನ ಹೇಳುತ್ತಿದ್ದರು. ಮೊದಮೊದಲು ಇದು ಮರ್ಯಾದೆ ಅನ್ನಿಸಿತು. ಆಮೇಲೆ ಕೈಗೆ ಸಿಕ್ಕಿದ್ದನ್ನು ಆ ಮರ್ಯಾದೆಯ ಬೆನ್ನಿಗೆ ಎಸೆಯಬೇಕು ಅನ್ನಿಸತೊಡಗಿತು. ಎಸೆಯಲಿಲ್ಲ. ನಾನೂ ತೋರಿಸಲಿಲ್ಲ, ಅದನ್ನೂ ಹೇಳಬೇಕು.

ಹೊನ್ನಾವರ

ಹೊನ್ನಾವರದಲ್ಲಿ ನನ್ನ ಕುಪ್ಪಸ ಹೊಲಿಯುವ ಹೆಂಗಸಿದ್ದಾಳೆ. "ಇದಕ್ಕೆ ಅಷ್ಟು ತಲೆಬಿಸಿ ಎಂತಕ್ಕೆ? ಹತ್ತಿ ಇಟ್ಟು ಹೊಲ್ದು ಕೊಡ್ತೆ, ಆತು," ಎಂದಳು. ಹತ್ತಿಯ ದಿಂಡು ಮಾಡಿ ಬಲಬದಿಯ ಒಳಗೆ ಕೂರಿಸಿದಳು. ಕನ್ನಡಿಯಲ್ಲಿ ಪರವಾಗಿಲ್ಲ ಅನ್ನಿಸಿತು. ಸೋಮವಾರ ಶಾಲೆಯ ಪ್ರಾರ್ಥನೆಗೆ ನಿಂತಾಗ ಅದು ಬೆವರಿಗೆ ಜಾರುತ್ತ, ನಾಡಗೀತೆ ಮುಗಿಯುವ ಹೊತ್ತಿಗೆ ಕೊರಳಿನ ಎಲುಬಿನ ಹತ್ತಿರ ಬಂದು ಕೂತಿತ್ತು. ಮುಖ್ಯೋಪಾಧ್ಯಾಯರು ಗಂಟಲು ಬಾವು ಬಂದಿದೆಯೇ ಎಂದು ವಿಚಾರಿಸಿದರು. ಹೌದು ಎಂದು ಹೇಳಿ ಮನೆಗೆ ಬಂದೆ.

ಅದೇ ವಾರ ಕಾಸರಕೋಡಿನ ತವರಿಗೆ ಹೋದಾಗ ದೊಡ್ಡತ್ತಿಗೆಯ ಹತ್ತಿರ ಇದನ್ನು ಹೇಳಿದೆ. ಅವಳು ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ಕೈ ನಿಲ್ಲಿಸದೆ, "ಜೀವ ಉಳ್ದತಲ. ಇನ್ನೆಂತ ಬೇಕು ನಿಂಗೆ?" ಎಂದಳು.

ಈ ಮಾತನ್ನು ನಾನು ಅದುವರೆಗೆ ನೆಂಟರು, ನೆರೆಯವರು, ಸ್ಟಾಫ್ ರೂಮಿನವರು, ಒಬ್ಬ ರಿಕ್ಷಾ ಡ್ರೈವರ್ ಎಲ್ಲರಿಂದಲೂ ಕೇಳಿದ್ದೆ. ಜೀವ ಉಳಿದವಳು ಮಿಕ್ಕಿದ್ದನ್ನು ಕೇಳಬಾರದು. ದೋಣಿ ಮುಳುಗಿ ಈಜಿ ದಡ ಸೇರಿದವನಿಗೆ ಒಣಬಟ್ಟೆ ಕೊಡದೆ, "ಬದುಕಿದ್ದೀಯಲ್ಲ" ಅನ್ನುವವರನ್ನು ನಮ್ಮ ಕೇರಿಯಲ್ಲಿ ನಾನು ಕಂಡಿಲ್ಲ. ಅಂಥವನಿಗೆ ಮೊದಲು ಪಂಚೆ ತಂದು ಕೊಡುತ್ತಾರೆ. ಅತ್ತಿಗೆಗೆ ಇದನ್ನೇ ಹೇಳಿದೆ.

"ಅವ ಗಂಡ್ಸು," ಎಂದಳು. "ಚಳಿ ಹಿಡೀತದೆ."

ಭಟ್ಕಳ

ಭಟ್ಕಳದ ಪೇಟೆಯಲ್ಲಿ ಸಿಗದ ವಿದೇಶಿ ಸಾಮಾನಿಲ್ಲ ಎಂಬುದು ನಮ್ಮ ಜಿಲ್ಲೆಯ ನಂಬಿಕೆ. ಒಂದು ಶನಿವಾರ ಬಸ್ಸು ಹತ್ತಿ ಹೋದೆ. ಅಲ್ಲಿನ ಅಂಗಡಿಯಲ್ಲಿ ಹೆಂಗಸರಿಗೆ ಪರದೆಯ ಹಿಂದೆ ಬೇರೆ ಭಾಗ, ಮಾರುವವರೂ ಹೆಂಗಸರು. ಕುಮಟೆಗಿಂತ ಎಷ್ಟೋ ವಾಸಿ. ಕಪ್ಪು ಲೇಸಿನ, ಒಳಗೆ ತಂತಿ ಇರುವ ಒಂದನ್ನು ಆ ಹುಡುಗಿ ತೋರಿಸಿದಳು. ಬಲಬದಿ ಸಡಿಲವಿದ್ದರೂ ತಂತಿ ಅದನ್ನು ಎತ್ತಿ ಹಿಡಿದಿತ್ತು. ಮೇಲೆ ಕುಪ್ಪಸ ತೊಟ್ಟು ನೋಡಿದರೆ ಕನ್ನಡಿಯಲ್ಲಿ ನನಗೆ ಎರಡು ಸ್ತನಗಳಿದ್ದವು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಸೆರಗಿಗೆ ಪಿನ್ನು ಹಾಕಿರಲಿಲ್ಲ.

ನಾಲ್ಕು ದಿನ ಹಾಕಿದೆ. ಐದನೆಯ ದಿನ ಗಜಾನನ ಊಟ ಬಡಿಸಿಕೊಳ್ಳುತ್ತಿದ್ದವರು ನನ್ನ ಕುಪ್ಪಸ ನೋಡಿ ಸೌಟು ಬಿಟ್ಟರು. ಬಲಬದಿಯಲ್ಲಿ ಅಂಗೈ ಅಗಲ ರಕ್ತ. ತಂತಿ ಹೊಲಿಗೆಯ ಗೆರೆಯನ್ನು ಉಜ್ಜಿ ಉಜ್ಜಿ ಸೀಳಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಅಲ್ಲಿ ನೋವೇ ಇಲ್ಲವಲ್ಲ. ಆ ದಿನ ನಾನು ನಿಜವಾಗಿ ಹೆದರಿದೆ. ಗಂಟು ಸಿಕ್ಕಿದ ದಿನವೂ ಅಷ್ಟು ಹೆದರಿರಲಿಲ್ಲ. ನನ್ನ ಮೈ ಸೀಳಿದರೆ ನನಗೆ ಹೇಳಲು ಇನ್ನೊಬ್ಬರು ಬೇಕು ಎಂಬುದು ಆಗ ಗೊತ್ತಾಯಿತು.

ಊರಿನ ಡಾಕ್ಟರು ಮುಲಾಮು ಬರೆದುಕೊಟ್ಟು, "ಎಂತದೂ ಹಾಕದೆ ಇರಿ ಟೀಚರ್. ಈ ವಯಸ್ಸಲ್ಲಿ ಯಾರು ನೋಡ್ತಾರೆ?" ಎಂದರು. ಅವರ ತಲೆಗೂದಲಿಗೆ ಕಪ್ಪು ಬಣ್ಣ ಹಚ್ಚಿತ್ತು, ಕಿವಿಯ ಮೇಲೂ ಸ್ವಲ್ಪ ಮೆತ್ತಿತ್ತು. ಅದನ್ನು ಯಾರು ನೋಡುತ್ತಾರೆ ಎಂದು ಕೇಳಬೇಕಿತ್ತು.

ಈ ಸಂಗತಿಯನ್ನು ಫೋನಿನಲ್ಲಿ ನನ್ನ ತಂಗಿ ಶೈಲಾಳಿಗೆ ಹೇಳಿದೆ. ಅವಳು ಹನ್ನೆರಡು ವರ್ಷದಿಂದ ಮಸ್ಕತ್ತಿನಲ್ಲಿದ್ದಾಳೆ. "ನೀ ಇಲ್ಲಿಗೆ ಬಾ. ಇಲ್ಲಿ ಎಲ್ಲಾ ಸಿಕ್ತದೆ," ಎಂದಳು. ವಿದೇಶದಲ್ಲಿರುವವರಿಗೆ ಈ ಒಂದು ವಾಕ್ಯ ಬಾಯಿಪಾಠ. ಅಕ್ಟೋಬರ್ ರಜೆಯಲ್ಲಿ ಹೋದೆ.

ಮಸ್ಕತ್, ಮೊದಲ ದಿನ

ತಂಗಿಗೆಂದು ಅತ್ತಿಗೆ ಒಣ ಸೆಟ್ಲಿಯ ಪೊಟ್ಟಣ ಕಟ್ಟಿಕೊಟ್ಟಿದ್ದಳು. ಸೆಟ್ಲಿ ಎಂದರೆ ಸಿಗಡಿ. ಒಣಗಿದ ಮೇಲೆ ಅದರ ವಾಸನೆಗೆ ಗಡಿ, ಪಾಸ್‌ಪೋರ್ಟು ಯಾವುದೂ ಇಲ್ಲ. ಪೊಟ್ಟಣ ಒಡೆದು ನನ್ನ ಬಟ್ಟೆಯೆಲ್ಲ ಕಾಸರಕೋಡಿನ ಅಂಗಳವಾಗಿತ್ತು. ಶೈಲಾ ಮೂರು ಸಲ ತೊಳೆದಳು. ಆಮೇಲೆ ಆ ಊರಿನವರ ಉಪಾಯ ಮಾಡಿದಳು. ಕೆಂಡದ ಮೇಲೆ ಲೋಬಾನ ಹಾಕಿ, ಮೇಲೆ ಕಟ್ಟಿಗೆಯ ಬುಟ್ಟಿಯಂಥದ್ದನ್ನು ಕವುಚಿ, ಅದರ ಮೇಲೆ ಬಟ್ಟೆ ಹರವಿದಳು. ಅಲ್ಲಿನವರು ಹಬ್ಬದ ನಿಲುವಂಗಿಗೆ ಹೀಗೆ ಹೊಗೆ ಹಿಡಿಯುತ್ತಾರಂತೆ. ನನ್ನ ಬ್ರಾಗಳಿಗೂ ಆ ಸತ್ಕಾರವಾಯಿತು. ಈಗ ಅವು ಧೂಪ ಹಾಕಿದ ಸೆಟ್ಲಿಯಂತೆ ನಾತ ಬೀರುತ್ತಿದ್ದವು.

ಸಂಜೆ ರಸ್ತೆ ದಾಟಲು ನಿಂತೆ. ನನ್ನನ್ನು ನೋಡಿದ ಕೂಡಲೇ ಕಾರುಗಳು ನಿಂತವು. ನಮ್ಮ ಹೆದ್ದಾರಿಯಲ್ಲಿ ದಾಟಿ ಅಭ್ಯಾಸವಿರುವ ನನಗೆ ಇದರಲ್ಲಿ ಮೋಸವಿದೆ ಅನ್ನಿಸಿ ನಾನೂ ನಿಂತೆ. ಕಾರಿನವರು ಕೈಬೀಸಿದರು, ನಾನೂ ಬೀಸಿದೆ. ಹಾಗೆ ಎರಡು ನಿಮಿಷ ಕಳೆಯಿತು. ಇಷ್ಟು ಸೌಜನ್ಯ ಇರುವವರೇ ಮುಂದಿನ ತಿರುವಿನಲ್ಲಿ ಚಹಾದಂಗಡಿಯ ಎದುರು ಕಾರು ನಿಲ್ಲಿಸಿ, ಅಂಗಡಿಯವರು ಲೋಟ ಹಿಡಿದು ಓಡಿ ಬರುವ ತನಕ ಹಾರ್ನ್ ಒತ್ತುತ್ತಿದ್ದರು. ನಡೆಯುವವರನ್ನು ಕಂಡರೆ ಗೌರವ, ತಾವು ನಡೆಯುವುದೆಂದರೆ ಅವಮಾನ.

ಮುತ್ರಾ

ಮರುದಿನ ಬಂದರಿನ ಬದಿಯ ಮುತ್ರಾದ ಮೀನು ಮಾರುಕಟ್ಟೆಗೆ ಹೋದೆವು. ಬಿಳಿ ಕಟ್ಟಡ, ನೀರು ಬಿಟ್ಟು ತೊಳೆದ ನೆಲ, ಇಡೀ ಮಾರುಕಟ್ಟೆಯಲ್ಲಿ ಮಾರುವವರೆಲ್ಲ ಗಂಡಸರು. ಬೈಯುವ ಹೆಂಗಸೊಬ್ಬಳಿಲ್ಲದೆ ಮೀನು ಹೇಗೆ ಖರ್ಚಾಗುತ್ತದೆ ಎಂದು ನನಗೆ ತಿಳಿಯಲಿಲ್ಲ. ಪಕ್ಕದ ಹಳೆಯ ಬಜಾರಿನಲ್ಲಿ ಬ್ರಾಗಳನ್ನು ಬಾಳೆಗೊನೆಯಂತೆ ತೂಗುಹಾಕಿದ್ದರು. ಮಾರುವವನು ಹಿಂದಿಯಲ್ಲಿ, ಎಲ್ಲವೂ ಫ್ರೀ ಸೈಜ್, ಎಳೆದರೆ ಹಿಗ್ಗುತ್ತದೆ ಎಂದ. ಎಳೆದೂ ತೋರಿಸಿದ. ಕುಮಟೆಯ ಯಜಮಾನರು ಒಂದು ಅಂಕಿಯನ್ನಾದರೂ ಹೇಳಿದ್ದರು.

ಆಮೇಲೆ ದೊಡ್ಡ ಮಾಲು. ಅಲ್ಲಿ ತುಟಿಗೆ ಬಣ್ಣ, ಬಾಯಿಗೆ ತರಬೇತಿಯ ನಗು ಹಚ್ಚಿಕೊಂಡ ಹುಡುಗಿ, ನನ್ನ ಕತೆ ಕೇಳುತ್ತಲೇ ನಗು ತೆಗೆದಿಟ್ಟಳು. ಬಾಣಂತಿಯರ ಬಟ್ಟೆಗಳ ಹಿಂದೆ, ಕೆಳಗಿನ ಡ್ರಾಯರಿನಿಂದ ಎರಡು ತೆಗೆದಳು. ಎರಡೂ ಬ್ಯಾಂಡೇಜಿನ ಬಣ್ಣ, ಬ್ಯಾಂಡೇಜಿನದೇ ಅಗಲ. ಬೇರೆ ಬಣ್ಣ ಇಲ್ಲವೇ ಎಂದೆ. ಇದನ್ನು ಕೊಳ್ಳುವವರು ಬಣ್ಣ ಕೇಳುವುದಿಲ್ಲ ಎಂದಳು. ಹೊರಗೆ ಗಾಜಿನಲ್ಲಿ ತಲೆಯಿಲ್ಲದ ಗೊಂಬೆಗಳು ಕೆಂಪು, ನೇರಳೆ, ಹಸಿರು ತೊಟ್ಟು ನಿಂತಿದ್ದವು. ತಲೆಯಿಲ್ಲದಿದ್ದರೆ ನಡೆಯುತ್ತದೆ, ಬಲಗಡೆಯದು ಇಲ್ಲದಿದ್ದರೆ ಬಣ್ಣ ಕೇಳಬಾರದು.

ಗುಲಾಬಿ ಸಭೆ

ನನಗೆ ಗೊತ್ತಿಲ್ಲದಂತೆ ಶೈಲಾ ಇನ್ನೊಂದು ಕೆಲಸ ಮಾಡಿಟ್ಟಿದ್ದಳು. ನಮ್ಮ ಕರಾವಳಿಯ ಹೆಂಗಸರು ಅಲ್ಲಿ ಒಂದು ಕೂಟ ನಡೆಸುತ್ತಾರೆ. ಆ ತಿಂಗಳು ಸ್ತನ ಕ್ಯಾನ್ಸರಿನ ಜಾಗೃತಿಯ ತಿಂಗಳು. ಎಲ್ಲರೂ ಗುಲಾಬಿ ಬಣ್ಣ ಉಟ್ಟು ಬರಬೇಕು, ಊರಿಂದ ಬಂದ ಅಕ್ಕ ಮಾತಾಡಬೇಕು ಎಂದು ಒಪ್ಪಿಕೊಂಡಿದ್ದಳು. ಗುಲಾಬಿ ಕೇಕು, ಗುಲಾಬಿ ಬಲೂನು, ಗುಲಾಬಿ ಶರಬತ್ತು. ಕಾರ್ಯದರ್ಶಿ ನನ್ನನ್ನು "ಕ್ಯಾನ್ಸರನ್ನು ನಗುನಗುತ್ತಾ ಗೆದ್ದ ಹೋರಾಟಗಾರ್ತಿ" ಎಂದು ಪರಿಚಯಿಸಿದರು. ನಾನು ಚಿಕಿತ್ಸೆಯ ಎಂಟು ತಿಂಗಳಲ್ಲಿ ನಕ್ಕ ನೆನಪಿಲ್ಲ. ವಾಂತಿ ಮಾಡಿದ್ದು ನೆನಪಿದೆ.

ನನಗಿಂತ ಮುಂಚೆ ಮಾತಾಡಿದ ಒಬ್ಬರು, ಮನಸ್ಸು ಸ್ವಚ್ಛವಿದ್ದರೆ ರೋಗವೇ ಬರುವುದಿಲ್ಲ ಎಂದರು. ಇನ್ನೊಬ್ಬರು ಅರಿಶಿನದ ಹಾಲಿನ ವಿಧಾನ ಹೇಳಿದರು. ಆಮೇಲೆ ಮೈಕು ನನ್ನ ಕೈಗೆ ಬಂತು. ಬರೆದು ತಂದ ಚೀಟಿ ಇತ್ತು, ತೆಗೆಯಲಿಲ್ಲ.

"ನನಗೆ ಒಂದು ಪ್ರಶ್ನೆ ಇದೆ," ಎಂದೆ. "ಹೊಲಿಗೆ ಗಾಯಕ್ಕೆ ತಾಗದ, ನೋಡಲು ಚೆಂದ ಇರುವ ಬ್ರಾ ಈ ಊರಲ್ಲಿ ಎಲ್ಲಿ ಸಿಗುತ್ತದೆ? ಗೊತ್ತಿದ್ದವರು ಹೇಳಿ. ನಾನು ಬಂದದ್ದು ಅದಕ್ಕೆ."

ಮೂಲೆಯಲ್ಲಿದ್ದ ಇಬ್ಬರು ಗಂಡಂದಿರು ಮೊಬೈಲಿನೊಳಗೆ ಇಳಿದುಹೋದರು. ಶೈಲಾ ಬಲೂನು ಎಣಿಸುತ್ತಿದ್ದಳು. ಕಾರ್ಯದರ್ಶಿ "ಬಹಳ ಧೈರ್ಯದ ಮಾತು" ಎಂದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೇಳಿದ್ದು ಅಂಗಡಿಯ ವಿಳಾಸ. ಸಿಕ್ಕಿದ್ದು ಚಪ್ಪಾಳೆ, ಮತ್ತು ಒಂದು ತುಂಡು ಕೇಕು.

ಕೈತೊಳೆಯುವಲ್ಲಿ ನನ್ನ ಹಿಂದೆ ಒಬ್ಬರು ಬಂದು ನಿಂತರು. ಅರವತ್ತು ದಾಟಿದವರು, ಕಪ್ಪು ಬುರ್ಕಾ, ಕೈಯಲ್ಲಿ ಮುಟ್ಟದ ಕೇಕಿನ ತಟ್ಟೆ.

"ನೀವು ಕಾಸರಕೋಡಿನವ್ರಂತಲ. ನಾನು ಭಟ್ಕಳ. ಜುಬೇದಾ ಅಂತ," ಎಂದರು. ಆಮೇಲೆ ತಮ್ಮ ಮನೆಮಾತು ನವಾಯತಿಗೆ ಹೊರಳಿದರು. ನಮ್ಮ ಕೇರಿಯ ಕೊಂಕಣಿ ಕೇಳಿ ಬೆಳೆದ ನನಗೆ ಮುಕ್ಕಾಲು ಅರ್ಥವಾಯಿತು. ಉಳಿದ ಕಾಲುಭಾಗವನ್ನು ಅವರು ಕನ್ನಡದಲ್ಲಿ ಹೇಳಿದರು. "ನಂದು ಎಂಟು ವರ್ಷ ಆತು. ಈ ಬದಿದು ಇಲ್ಲ." ಬುರ್ಕಾದ ಮೇಲಿಂದ ಎಡಎದೆಯನ್ನು ತಟ್ಟಿದರು. "ಸೊಸೆಗೆ ಗೊತ್ತಿಲ್ಲ. ಮಗನಿಗೆ ಎಂತದೋ ಗಡ್ಡೆ ತೆಗ್ದ್ರು ಅಂತ ಗೊತ್ತು, ಅಷ್ಟೇ. ನಾಳೆ ಹತ್ತು ಗಂಟೆಗೆ ರೆಡಿ ಇರಿ. ನಾ ಕರ್ಕಂಡು ಹೋತೆ."

ಸಭೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅಲ್ಲಿ ಹೇಳಿದ್ರೆ ಮುಂದಿನ ವರ್ಷ ನನ್ನ ಕೈಗೆ ಮೈಕ್ ಕೊಡ್ತಾರೆ," ಎಂದರು ಜುಬೇದಾ.

ರುವಿ

ರುವಿ ಎಂಬ ಭಾಗದಲ್ಲಿ, ಒಂದು ಔಷಧದಂಗಡಿಯ ಮಾಳಿಗೆಯ ಮೇಲೆ ಎರಡು ಕೋಣೆಯ ಅಂಗಡಿ. ಹೊರಗೆ ಗೊಂಬೆಯಿಲ್ಲ. ನಡೆಸುವವಳು ಶ್ರೀಲಂಕೆಯ ನಿಲ್ಮಿನಿ, ನನ್ನದೇ ವಯಸ್ಸು. ಊರಿನಲ್ಲಿದ್ದಾಗ ಹತ್ತೊಂಬತ್ತು ವರ್ಷ ಒಳಉಡುಪಿನ ಕಾರ್ಖಾನೆಯಲ್ಲಿ ಹೊಲಿದವಳಂತೆ. ಅವಳಿಗೂ ನನಗೂ ಇದ್ದದ್ದು ಹರಕು ಹಿಂದಿ, ಅದರೊಳಗೆ ಸ್ವಲ್ಪ ಇಂಗ್ಲಿಷು. ನನ್ನನ್ನೂ ಜುಬೇದಾರನ್ನೂ ಕೋಣೆಗೆ ಕರೆದಳು, ಬಾಗಿಲು ಹಾಕಿದಳು, ನನಗೆ ಬಟ್ಟೆ ತೆಗೆಯಲು ಹೇಳಿದಳು.

ನಾನು ತೆಗೆಯಲಿಲ್ಲ. ಸಮುದ್ರ ದಾಟಿ ಬಂದು ಕುಪ್ಪಸದ ಗುಂಡಿ ಹಿಡಿದುಕೊಂಡು ನಿಂತೆ. ಆಸ್ಪತ್ರೆಯವರು, ಡಾಕ್ಟರು ಬಿಟ್ಟರೆ ಯಾರೂ ನೋಡಿರಲಿಲ್ಲ. ಮೇಲೆ ಬಟ್ಟೆ ಇಲ್ಲದಾಗ ನಾನೇ ಕನ್ನಡಿಯಲ್ಲಿ ಕೊರಳಿನವರೆಗೆ ಮಾತ್ರ ನೋಡಿಕೊಂಡು ಬದುಕುತ್ತಿದ್ದೆ. ಎರಡು ವರ್ಷದಿಂದ ಊರನ್ನೆಲ್ಲ ಹಳಿಯುತ್ತ ಬಂದವಳು ನಾನು; ಗೋಡೆಯ ಕಡೆ ತಿರುಗಿ ನಿಂತವರಲ್ಲಿ ನಾನೂ ಒಬ್ಬಳು ಎಂದು ಆ ಕೋಣೆಯಲ್ಲಿ ಒಪ್ಪಿಕೊಳ್ಳಬೇಕಾಯಿತು.

ಜುಬೇದಾ ಸ್ಟೂಲಿನ ಮೇಲೆ ಕೂತಿದ್ದರು. "ನಾಚ್ಕೆ ಆದ್ರೆ ನಾ ಮೊದ್ಲು ತೋರಿಸ್ತೆ," ಎಂದವರೇ ಬುರ್ಕಾ ತೆಗೆದು, ಒಳಗಿನ ಅಂಗಿ ಎತ್ತಿ, ಬ್ರಾ ಬಿಚ್ಚಿದರು. ಎಡಗಡೆ ಚಪ್ಪಟೆ. ಕಂಕುಳಿನಿಂದ ನಡುಎದೆಯವರೆಗೆ ಒಂದೇ ಗೆರೆ. ಅವರ ಬ್ರಾದ ಒಳಜೇಬಿನಲ್ಲಿ ಮೆತ್ತಗಿನ ಸಿಲಿಕೋನಿನ ತುಂಡಿತ್ತು, ಅದನ್ನು ಪರ್ಸಿನಂತೆ ತೆಗೆದು ಮೇಜಿನ ಮೇಲಿಟ್ಟರು. ಬ್ರಾದ ಬಣ್ಣ ಕಡು ಕೆಂಪು.

ನಾನು ಗುಂಡಿ ಬಿಚ್ಚಿದೆ. ಜುಬೇದಾ ಹತ್ತಿರ ಬಂದು ಕುತ್ತಿಗೆ ಓರೆ ಮಾಡಿ ನೋಡಿದರು, ಮೀನಿನ ಕಿವಿರು ಎತ್ತಿ ತಾಜಾ ಹೌದೋ ಅಲ್ಲವೋ ನೋಡುವ ಹಾಗೆ, ಯಾವ ಮರುಕವೂ ಇಲ್ಲದೆ.

"ಹೊಟ್ಟೆದಾ ಇದು?"

"ಹೊಟ್ಟೆದು."

"ಚೊಲೋ ಹೊಲ್ದಿದಾರೆ," ಎಂದರು. "ಎಂಟು ವರ್ಷದಿಂದ ನೋಡೂಕು ಅಂತಿತ್ತು ನಂಗೆ, ಇದು ಹೆಂಗಿರ್ತದೆ ಅಂತ. ಯಾರ ಹತ್ರ ಕೇಳೂದು?"

ನಿಲ್ಮಿನಿ ಅಳತೆ ತೆಗೆದಳು. ಕೂರಿಸಿ, ಬಗ್ಗಿಸಿ, ಬಲಗೈ ತಲೆಯ ಮೇಲೆ ಎತ್ತಿಸಿ, ಎರಡೂ ಬದಿಯನ್ನು ಬೇರೆಬೇರೆಯಾಗಿ ಬರೆದುಕೊಂಡಳು. ಎಲ್ಲಿಂದ ಎಲ್ಲಿಯವರೆಗೆ ಸ್ಪರ್ಶ ತಿಳಿಯುವುದಿಲ್ಲ ಎಂದು ಬೆರಳಿನಲ್ಲಿ ಒತ್ತುತ್ತ ಕೇಳಿ, ಆ ಜಾಗದ ಮೇಲೆ ಯಾವ ಹೊಲಿಗೆಯೂ ಬರಬಾರದು, ದಿನಾ ಸಂಜೆ ಕನ್ನಡಿಯಲ್ಲಿ ನೋಡಿಕೊಳ್ಳಬೇಕು ಎಂದಳು. ಇದನ್ನು ಯಾವ ಡಾಕ್ಟರೂ ಹೇಳಿರಲಿಲ್ಲ. ಆಮೇಲೆ ಕೇಳಿದಳು, ಕಾಯಿಲೆಗೆ ಮುಂಚೆ ನಿನಗೆ ಇಷ್ಟವಾಗಿದ್ದದ್ದು ಯಾವ ತರದ್ದು?

ನೆನಪಿಸಿಕೊಂಡು ನೋಡಿದೆ. ಮದುವೆಗೆ ಮುಂಚೆ ಅಮ್ಮ ತಂದ ಬಿಳಿ ಹತ್ತಿಯದು. ಮದುವೆಯಾದ ಮೇಲೆ ಅದೇ ಬಿಳಿ, ಅದೇ ಹತ್ತಿ, ನಾನೇ ತಂದದ್ದು. ಚೆಂದದ್ದನ್ನು ಕಳೆದುಕೊಂಡೆ ಎಂದು ಎರಡು ವರ್ಷ ಕೊರಗಿದ್ದೆ. ಎರಡೂ ಸರಿ ಇದ್ದ ಕಾಲದಲ್ಲಿ ಅವುಗಳಿಗೆ ನಾನು ಒಂದು ಒಳ್ಳೆಯ ಬಟ್ಟೆ ತೊಡಿಸಿರಲಿಲ್ಲ. ಇಂಥ ಜಿಪುಣತನಕ್ಕೆ ಊರನ್ನು ದೂರಲಾಗುವುದಿಲ್ಲ.

ಒಂದು ವಾರ ಬಿಟ್ಟು ಬರಹೇಳಿದಳು. ಹೋದಾಗ ಸಿದ್ಧವಿತ್ತು. ನವಿಲು ನೀಲಿ. ತಂತಿ ಇಲ್ಲ, ಬದಿಯಲ್ಲಿ ಅಗಲ ಪಟ್ಟಿ, ಬಲಬದಿಯ ಒಳಗೆ ತೆಳುವಾದ ಪದರ, ಮೇಲಂಚಿನಲ್ಲಿ ಲೇಸು. ತೊಟ್ಟು ಕನ್ನಡಿಯ ಎದುರು ನಿಂತೆ. ಈ ಸಲ ಕೊರಳಿನಿಂದ ಕೆಳಗೆ ಇಳಿದೆ. ಎರಡೂ ಒಂದೇ ಥರ ಇರಲಿಲ್ಲ. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತಿತ್ತು. ಆದರೂ ಕನ್ನಡಿಯಲ್ಲಿದ್ದ ಹೆಂಗಸನ್ನು ನಾನು ಬೇಕಾದಷ್ಟು ಹೊತ್ತು ನೋಡಿದೆ. ನಿಲ್ಮಿನಿ ಬಾಗಿಲಾಚೆಯಿಂದ ಏನಾದರೂ ತೊಂದರೆಯಾ ಎಂದು ಕೇಳಿದಳು. ಇಲ್ಲ, ಇನ್ನೂ ಎರಡು ಬೇಕು ಎಂದೆ.

ಮರಳಿ ಕುಮಟಾ

ಊರಿಗೆ ಬಂದಾಗ ಎಲ್ಲರೂ ಮಸ್ಕತ್ತಿನಿಂದ ಎಂತ ತಂದೆ ಎಂದು ಕೇಳಿದರು. ಖರ್ಜೂರ ಎಂದೆ. ಖರ್ಜೂರ ತಿಂದು, ಭಟ್ಕಳದಲ್ಲಿ ಇದಕ್ಕಿಂತ ಚೊಲೋದು ಸಿಗುತ್ತದೆ ಎಂದರು.

ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಕೋಣೆಯಲ್ಲಿ ಸೀರೆ ಬದಲಿಸುತ್ತಿದ್ದೆ, ಮೈಮೇಲೆ ನವಿಲು ನೀಲಿ ಬ್ರಾ. ಬಾಗಿಲು ತಟ್ಟಿದ ಸದ್ದಾಯಿತು.

"ಬನ್ನಿ," ಎಂದೆ.

ಗಜಾನನ ಬಂದರು, ನೋಡಿದರು, ರೂಢಿಯಂತೆ ಗೋಡೆಯ ಕಡೆ ತಿರುಗಿದರು. ಸಂಜೆ ಮಳೆ ಬರಬಹುದು ಎಂದರು.

"ಬಂದ್ರೆ ಬರ್ಲಿ. ಈ ಬದಿಗೆ ತಿರಗಿ," ಎಂದೆ.

ತಿರುಗಿದರು. ನಾನು ಸೆರಗಿಗೆ ಕೈ ಹಾಕಲಿಲ್ಲ.

"ಆಪರೇಷನ್ ಆದಾಗಿಂದ್ಲೂ ಹೆದರಿಕೆ ನಂಗೆ, ಆ ದಿನ ರಕ್ತ ನೋಡಿದ ಮೇಲೆ ಮತ್ತೂ ಜಾಸ್ತಿ," ಎಂದರು. "ಮುಟ್ಟಿದ್ರೆ ಎಲ್ಲಿ ಎಂತ ಆತದೋ ಅಂತ. ನಿಂಗೂ ಗೊತ್ತಾಗೂದಿಲ್ಲ, ನಂಗೂ ಗೊತ್ತಾಗೂದಿಲ್ಲ."

ಎರಡು ವರ್ಷ ನಾನು ಮರ್ಯಾದೆ ಎಂದು ಹಳಿದದ್ದು ಇದನ್ನು.

"ಅದ್ಕೇ ದಿನಾ ನೋಡ್ಬೇಕಂತೆ," ಎಂದೆ. "ಸೀಳಿದ್ಯ, ಕೆಂಪಾಗಿದ್ಯ ಅಂತ. ನಂಗೆ ಆ ಬದಿ ಕೆಳಗಡೆ ಕಾಣೂದಿಲ್ಲ."

ನಾನು ಬಲಬದಿಯ ಕೆಳಂಚು ಎತ್ತಿ ಹಿಡಿದೆ. ಅವರು ಹತ್ತಿರ ಬಂದರು, ಬಗ್ಗಿದರು, ಕಣ್ಣು ಕಿರಿದು ಮಾಡಿದರು.

"ಎಂತದೂ ಕಾಣ್ತಿಲ್ಲಲೆ," ಎಂದರು.

"ಕನ್ನಡಕ ಹಾಕ್ಕಂಡು ಬನ್ನಿ," ಎಂದೆ.

ಅವರು ಹೋಗಿ ಕನ್ನಡಕ ತಂದರು.